ಕಡಲತೀರದ ಹಕ್ಕಿ ನೋಡಲು ಹೊರಟಿದ್ದೀರಾ? ಈ ನಾಲ್ಕು ತಪ್ಪು ತಿಳಿವಳಿಕೆಗಳನ್ನು ಮನೆಯಲ್ಲೇ ಬಿಟ್ಟು ಹೋಗಿ

ಫೆಬ್ರವರಿ, ಮಾರ್ಚ್ ಬಂತೆಂದರೆ ಕರಾವಳಿಯ ಅಳಿವೆಗಳತ್ತ ಹಕ್ಕಿ ವೀಕ್ಷಣೆಗೆ ಹೋಗುವವರು ಹೆಚ್ಚು. ಮಾರ್ಗದರ್ಶಿಯೊಬ್ಬರ ಜೊತೆ ಹತ್ತು-ಹದಿನೈದು ಜನ ಹೋಗಿ ಬರುವ ಈ ಪ್ರವಾಸಗಳ ಫೋಟೊ, ರೀಲ್ಸ್‌ಗಳ ಜೊತೆಗೆ ಕೆಲವು ತಪ್ಪು ಮಾಹಿತಿಗಳೂ ಹರಿದಾಡುತ್ತವೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅವುಗಳನ್ನು ಒಂದೊಂದಾಗಿ ನೋಡೋಣ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ.

ವಸಂತದಲ್ಲೇ ಯಾಕೆ?

ಚಳಿಗಾಲ ಕಳೆಯಲು ಬಂದ ಹಕ್ಕಿಗಳು ವಾಪಸ್ ಹೊರಡುವ ಕಾಲ ಇದು. ಹೊರಡುವ ಮುನ್ನ ಹಲವು ಹಕ್ಕಿಗಳು ಬಣ್ಣ ಬದಲಿಸುತ್ತವೆ. ಕಂದುತಲೆ ಕಡಲಹಕ್ಕಿಗೆ ಚಳಿಗಾಲದಲ್ಲಿ ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಇರುತ್ತದೆ. ವಸಂತದ ಹೊತ್ತಿಗೆ ಇಡೀ ತಲೆ ಗಾಢ ಕಂದು. ಇವು ಮರಿ ಮಾಡುವುದು ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳ ಬಳಿ.

ತಪ್ಪು 1: ಹಕ್ಕಿ ನೋಡಲು ಬೆಳಗಿನ ಜಾವವೇ ಹೋಗಬೇಕು

ಕಾಡಿಗೆ ಈ ಮಾತು ಸರಿ. ಅಳಿವೆಯಲ್ಲಿ ಗಡಿಯಾರಕ್ಕಿಂತ ಉಬ್ಬರವಿಳಿತ ಮುಖ್ಯ. ನೀರು ಇಳಿದಾಗ ಕೆಸರುಬಯಲು ತೆರೆದುಕೊಳ್ಳುತ್ತದೆ. ಜನ ಬಳಚು ಹೆಕ್ಕಲು ಇಳಿಯುವ ಹೊತ್ತಿನಲ್ಲೇ ಹಕ್ಕಿಗಳೂ ಹುಳು, ಏಡಿ ಹುಡುಕುತ್ತಾ ದೂರದವರೆಗೆ ಹರಡಿಕೊಳ್ಳುತ್ತವೆ. ನೀರು ಏರಿದಂತೆ ಅವು ದಡದತ್ತ ಸರಿಯುತ್ತವೆ, ಆಗ ನೋಡುವುದು ಸುಲಭ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಬೆಳಿಗ್ಗೆ 7 ಗಂಟೆಗೆ ಬಂದ ಉಬ್ಬರ ಒಂದು ವಾರದ ನಂತರ ಬರುವುದು ಮಧ್ಯಾಹ್ನ 1 ಗಂಟೆಯ ಸುಮಾರಿಗೆ.

ತಪ್ಪು 2: ಒಂಟಿ ಕಾಲಲ್ಲಿ ನಿಂತ ಹಕ್ಕಿಗೆ ಗಾಯವಾಗಿದೆ

ಹೆಚ್ಚಿನ ಸಂದರ್ಭಗಳಲ್ಲಿ ಅದು ವಿಶ್ರಾಂತಿ. ಕಾಲಿಗೆ ಗರಿಯ ಹೊದಿಕೆ ಇಲ್ಲದ ಕಾರಣ ಅಲ್ಲಿಂದ ಶಾಖ ಹೊರಹೋಗುತ್ತದೆ. ಒಂದು ಕಾಲನ್ನು ಗರಿಯೊಳಗೆ ಮಡಚಿಟ್ಟರೆ ಆ ನಷ್ಟ ಕಡಿಮೆ. "ಪಾಪ, ಕಾಪಾಡೋಣ" ಎಂದು ಹತ್ತಿರ ಹೋದರೆ ಅದರ ವಿಶ್ರಾಂತಿ ಕೆಡುತ್ತದೆ, ಅಷ್ಟೇ.

ತಪ್ಪು 3: ಕಾಲಿಗೆ ಉಂಗುರ ಇದ್ದರೆ ಬೇಹುಗಾರಿಕೆಯ ಹಕ್ಕಿ

ಕಾರವಾರದಂಥ ನೌಕಾನೆಲೆ ಹತ್ತಿರದಲ್ಲೇ ಇರುವುದರಿಂದ ಅನುಮಾನ ಬರುವುದು ಸಹಜ. ಆದರೆ ವಲಸೆಯ ದಾರಿ ತಿಳಿಯಲು ಹಕ್ಕಿಗಳಿಗೆ ಉಂಗುರ ತೊಡಿಸುವುದು ಹಳೆಯ ವೈಜ್ಞಾನಿಕ ವಿಧಾನ. ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಲ್ಲೇ ಈ ಕೆಲಸ ಶುರು ಮಾಡಿತು. ಈಗ ಬೆನ್ನಿಗೆ ಪುಟ್ಟ ಜಿಪಿಎಸ್ ಸಾಧನ ಕಟ್ಟುವುದೂ ಇದೆ. ಅಂಥ ಹಕ್ಕಿ ಕಂಡರೆ ಹಿಡಿಯಬೇಡಿ. ದೂರದಿಂದಲೇ ಫೋಟೊ ತೆಗೆದು, ಉಂಗುರದ ಬಣ್ಣ, ಅಕ್ಷರ ಗುರುತಿಸಿಕೊಂಡು ಮಾರ್ಗದರ್ಶಿಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.

ತಪ್ಪು 4: ಹಿಂಡನ್ನು ಒಮ್ಮೆ ಹಾರಿಸಿದರೆ ಏನೂ ಆಗದು

ಹೆಚ್ಚು ಹಾನಿ ಮಾಡುವ ತಪ್ಪು ಇದೇ. ಹಕ್ಕಿಗಳ ನಡುವೆ ಓಡಿ, ಅವು ಒಟ್ಟಿಗೆ ಮೇಲೇಳುವ ವಿಡಿಯೊ ಮಾಡಿದರೆ ನೋಡಲು ಚೆಂದ. ಆದರೆ ಈ ಹಕ್ಕಿಗಳಿಗೆ ಪ್ರಯಾಣದ ಇಂಧನ ಎಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು. ದೂರ ಹಾರುವ ಕೆಲವು ಜಾತಿಗಳು ಹೊರಡುವ ಮುನ್ನ ತೂಕವನ್ನು ಹತ್ತಿರಹತ್ತಿರ ಎರಡು ಪಟ್ಟು ಮಾಡಿಕೊಳ್ಳುತ್ತವೆ. 2022ರ ಅಕ್ಟೋಬರ್‌ನಲ್ಲಿ ಬಾರ್-ಟೇಲ್ಡ್ ಗಾಡ್ವಿಟ್ ಎಂಬ ಹಕ್ಕಿಯ ಮರಿಯೊಂದು ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನಗಳಲ್ಲಿ 13,560 ಕಿಲೋಮೀಟರ್ ಹಾರಿತ್ತು. ಇದೇ ಜಾತಿಯ ಹಕ್ಕಿಗಳು ಭಾರತದ ಕರಾವಳಿಗೂ ಬರುತ್ತವೆ.

ಕೆಸರುಬಯಲು ತೆರೆದಿರುವುದು ಕೆಲವೇ ಗಂಟೆ. ಆ ಹೊತ್ತಿನಲ್ಲಿ ಹಾರಿಸಿದರೆ ಎರಡು ನಷ್ಟ: ತಿನ್ನುವ ಸಮಯ ಹೋಯಿತು, ಕೂಡಿಟ್ಟ ಕೊಬ್ಬೂ ಖರ್ಚಾಯಿತು. ನಾವು ಒಮ್ಮೆ, ನಮ್ಮ ಹಿಂದಿನ ತಂಡ ಒಮ್ಮೆ, ಬೀದಿನಾಯಿ ಮತ್ತೊಮ್ಮೆ ಎಂದಾದರೆ ಇಡೀ ದಿನದ ಲೆಕ್ಕ ತಪ್ಪುತ್ತದೆ.

ಹಾಗಾದರೆ ಏನು ಮಾಡಬೇಕು?

• ನಿಮ್ಮನ್ನು ಹಕ್ಕಿಯ ತೀರಾ ಹತ್ತಿರ ಕರೆದೊಯ್ಯುವವರೇ ಒಳ್ಳೆಯ ಮಾರ್ಗದರ್ಶಿ ಎಂದುಕೊಳ್ಳಬೇಡಿ. ಎಲ್ಲಿ ನಿಲ್ಲಬೇಕು ಎಂದು ಹೇಳುವುದೇ ಅವರ ಮುಖ್ಯ ಕೆಲಸ.
• ತಿನ್ನುತ್ತಿದ್ದ ಹಕ್ಕಿ ತಲೆ ಎತ್ತಿ ನಿಮ್ಮನ್ನೇ ನೋಡುತ್ತಿದ್ದರೆ, ನಡೆದು ದೂರ ಸರಿಯುತ್ತಿದ್ದರೆ ಅಲ್ಲೇ ನಿಂತುಬಿಡಿ. ಸಾಧ್ಯವಾದರೆ ನಾಲ್ಕು ಹೆಜ್ಜೆ ಹಿಂದೆ ಬನ್ನಿ.
• ನೇರವಾಗಿ ಹಿಂಡಿನತ್ತ ನಡೆಯಬೇಡಿ. ಬೈನಾಕ್ಯುಲರ್ ಬಳಸಿ. ಡ್ರೋನ್ ಬೇಡ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ.
• ಟಿಟ್ಟಿಭ ಬಯಲಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ನೆಲದ್ದೇ ಬಣ್ಣ. ಇರುವ ಕಾಲುದಾರಿ ಬಿಟ್ಟು ಹೋಗಬೇಡಿ.

ಮುಂದಿನ ಬಾರಿ ಹಕ್ಕಿಗಳ ಹಿಂಡನ್ನು ಓಡಿಸುವ ವಿಡಿಯೊ ನಿಮಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಅದರ ಬದಲು ಈ ಮಾಹಿತಿಯನ್ನು ಗುಂಪಿಗೆ ಕಳಿಸಿ.