ಚಿತ್ರವೂ ಟಿಪ್ಪಣಿಯೂ ಜೊತೆಗಿರಲಿ: ಹೈದರಾಬಾದಿನ ವಿದ್ವತ್ ದಾಖಲೆಗಳು

ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದವು. ಅದಕ್ಕೆ ಮುಂಚೆ ಈ ಸೀಮೆಯ ಕೋಟೆ, ಗುಮ್ಮಟ, ಶಾಸನಗಳನ್ನು ಅಳೆದು, ಓದಿ, ಫೋಟೊ ತೆಗೆದು ದಾಖಲಿಸುವ ಕೆಲಸಕ್ಕೆ ಕೇಂದ್ರವಾಗಿದ್ದುದು ಹೈದರಾಬಾದ್. ಕಲ್ಯಾಣ ಕರ್ನಾಟಕದ ಚರಿತ್ರೆ ಬರೆಯಹೊರಟವರಿಗೆ ಆ ಊರಿನ ದಾಖಲೆಗಳು ಇಂದಿಗೂ ಅನಿವಾರ್ಯ. ಛಾಯಾಚಿತ್ರಗಳನ್ನೂ ಪ್ರಾಧ್ಯಾಪಕರ ಕಾಗದಪತ್ರಗಳನ್ನೂ ಕೂಡಿಡುವ ಕೆಲಸ ಅಲ್ಲಿ ಹೇಗೆ ಬೆಳೆಯಿತು, ಹೇಗೆ ಚದುರಿತು ಎಂಬುದನ್ನು ಕನ್ನಡಿಗರು ತಿಳಿಯಬೇಕಾದದ್ದು ಇದಕ್ಕಾಗಿ.

ಮೊದಲ ಘಟ್ಟ ಸ್ಟುಡಿಯೋದ್ದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ (1844–1905) ದರ್ಬಾರು, ಅರಮನೆ, ಬೇಟೆ, ಸ್ಮಾರಕಗಳನ್ನು ಗಾಜಿನ ಫಲಕಗಳ ಮೇಲೆ ಸೆರೆಹಿಡಿದರು. 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದರು. ಅವರ 2,857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡುಕೊಂಡಿತು. ಫಲಕಗಳು ಉಳಿದವು ನಿಜ. ಆದರೆ ಹೈದರಾಬಾದಿನ ಮುಖಗಳನ್ನು ನೋಡಲು ದೆಹಲಿಗೆ ಹೋಗಬೇಕಾಯಿತು.

ಎರಡನೆಯ ಘಟ್ಟದಲ್ಲಿ ಕ್ಯಾಮೆರಾ ವಿದ್ವಾಂಸರ ಕೈಗೆ ಬಂತು. 1914ರಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಶುರುವಾಯಿತು. ಮರುವರ್ಷವೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ಸಿಕ್ಕಿತು. ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಅದರ ಪಾಠವೇ ಇಲಾಖೆಯ ಗ್ರಂಥಮಾಲೆಯ ಮೊದಲ ಹೊತ್ತಗೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಅಶೋಕ ಶಾಸನಗಳು 1932ರಲ್ಲಿ ಅದೇ ಮಾಲೆಯಲ್ಲಿ ಅಚ್ಚಾದವು. ಕೊಪ್ಪಳದ ಕನ್ನಡ ಶಾಸನಗಳ ಸಂಪುಟ 1935ರಲ್ಲಿ ಬಂತು. ಯಜ್ದಾನಿಯವರ ಬೀದರ್ ಕುರಿತ ಬೃಹದ್ಗ್ರಂಥ 1947ರಲ್ಲಿ ಪ್ರಕಟವಾಯಿತು. ಮಹಮೂದ್ ಗವಾನನ ಮದರಸಾ, ರಂಗೀನ್ ಮಹಲಿನಂಥ ಕಟ್ಟಡಗಳು ಅಂದು ಯಾವ ಸ್ಥಿತಿಯಲ್ಲಿದ್ದವು ಎಂಬುದಕ್ಕೆ ಅದರ ಚಿತ್ರಪುಟಗಳು ಸಾಕ್ಷಿ. ಪಿ.ಬಿ. ದೇಸಾಯಿಯವರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಒಟ್ಟುಗೂಡಿಸಿದ ಸಂಪುಟ ಹೊರಬಂದದ್ದು 1958ರಲ್ಲಿ. ಆ ಹೊತ್ತಿಗೆ ಹೈದರಾಬಾದ್ ರಾಜ್ಯವೇ ಇಲ್ಲವಾಗಿತ್ತು. ಗಡಿ ಬದಲಾದರೂ ವಿದ್ವಾಂಸರು ಹಿಡಿದ ಕೆಲಸ ಕೈಬಿಡಲಿಲ್ಲ.

ಮೂರನೆಯ ಘಟ್ಟ ವಿಶ್ವವಿದ್ಯಾಲಯದ್ದು. 1918ರಲ್ಲಿ ಉರ್ದು ಮಾಧ್ಯಮದೊಡನೆ ಆರಂಭವಾದ ಉಸ್ಮಾನಿಯಾದಲ್ಲಿ ಕನ್ನಡವನ್ನು ಡಿ.ಕೆ. ಭೀಮಸೇನರಾಯರು ಕಲಿಸಿದರು. ಇತಿಹಾಸದ ಪ್ರಾಧ್ಯಾಪಕ ಹಾರೂನ್ ಖಾನ್ ಶೇರ್ವಾನಿಯವರು ಕಲಬುರಗಿ, ಬೀದರ್‌ಗಳಿಂದ ಆಳಿದ ಬಹಮನಿಗಳ ಚರಿತ್ರೆಯನ್ನು 1953ರಲ್ಲಿ ಪ್ರಕಟಿಸಿದರು. ಮಾನವಶಾಸ್ತ್ರಜ್ಞ ಎಸ್.ಸಿ. ದುಬೆಯವರು ಬೇರೆ ಬೇರೆ ವಿಭಾಗಗಳ ತಂಡ ಕಟ್ಟಿಕೊಂಡು ಹತ್ತಿರದ ಶಾಮೀರ್‌ಪೇಟೆಯನ್ನು ಅಧ್ಯಯನ ಮಾಡಿದ ಪುಸ್ತಕ 1955ರಲ್ಲಿ ಬಂತು. ಅಚ್ಚಾದ ಪುಸ್ತಕ ಅಧ್ಯಯನದ ಫಲ ಮಾತ್ರ. ಅದರ ಹಿಂದಿನ ಕ್ಷೇತ್ರ ಟಿಪ್ಪಣಿ, ಪತ್ರ, ಹೊಡೆದುಹಾಕಿದ ಕರಡು, ಫೋಟೊಗಳೇ ಮುಂದಿನ ಸಂಶೋಧಕರಿಗೆ ಹೊಸ ಪ್ರಶ್ನೆ ಕೇಳಲು ದಾರಿ ಕೊಡುವಂಥವು.

ಇದಕ್ಕೆ ಅತ್ಯುತ್ತಮ ನಿದರ್ಶನ ಮಾನವಶಾಸ್ತ್ರಜ್ಞ ಕ್ರಿಸ್ಟೋಫ್ ವಾನ್ ಫ್ಯೂರರ್-ಹೈಮೆಂಡಾರ್ಫ್. ವಿಯೆನ್ನಾದಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧ ಶುರುವಾದಾಗ ಶತ್ರುದೇಶದ ಪ್ರಜೆಯೆಂದು ಹೈದರಾಬಾದ್ ಸಂಸ್ಥಾನದೊಳಗೇ ಇರಬೇಕಾಯಿತು. ಆ ನಿರ್ಬಂಧವನ್ನೇ ಅವಕಾಶವಾಗಿಸಿಕೊಂಡು ಚೆಂಚು, ಕೊಂಡರೆಡ್ಡಿ, ಗೊಂಡರ ನಡುವೆ ಪತ್ನಿ ಬೆಟ್ಟಿಯವರೊಂದಿಗೆ ಬಾಳಿ ಬರೆದರು. ಮುಂದೆ ನಿಜಾಮ್ ಸರ್ಕಾರಕ್ಕೆ ಬುಡಕಟ್ಟುಗಳ ಸಲಹೆಗಾರರೂ ಉಸ್ಮಾನಿಯಾದಲ್ಲಿ ಪ್ರಾಧ್ಯಾಪಕರೂ ಆದರು. ಚೆಂಚುಗಳ ಬಗೆಗಿನ ಗ್ರಂಥ 1943ರದು, ರಾಜಗೊಂಡರ ಕುರಿತದ್ದು 1948ರದು. ದಶಕಗಳ ನಂತರ ಅದೇ ಹಳ್ಳಿಗಳಿಗೆ ಮರಳಿ, ಗೊಂಡರು ಕಳೆದುಕೊಂಡ ಜಮೀನಿನ ಕಥೆಯನ್ನು 1982ರ ಪುಸ್ತಕದಲ್ಲಿ ದಾಖಲಿಸಿದರು. ಅಂದು–ಇಂದುಗಳನ್ನು ಹೋಲಿಸಲು ಅವರಿಗೆ ಹಳೆಯ ಟಿಪ್ಪಣಿಗಳ ಆಧಾರವಿತ್ತು. ಅವರ ಫೋಟೊಗಳೂ ದಿನಚರಿಗಳೂ ಈಗ ಲಂಡನ್ನಿನ ಸೋಯಸ್ ಸಂಸ್ಥೆಯಲ್ಲಿ ಒಂದೇ ಸಂಗ್ರಹವಾಗಿ ಭದ್ರವಾಗಿವೆ. ಆದರೆ ಆದಿಲಾಬಾದಿನ ಗೊಂಡ ಯುವಕನಿಗೆ ತನ್ನ ಅಜ್ಜನ ಊರಿನ ಚಿತ್ರ ಸಾಗರದಾಚೆ ಇದೆ.

ಕಾಪಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಅನುಭವವೇ ಸಾಕು. 1948ರಲ್ಲಿ ಆರಂಭಿಸಿದ ರಾಂಪುರವೆಂಬ ಹಳ್ಳಿಯ ಅಧ್ಯಯನದ ಸಂಸ್ಕರಿತ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ಅವರು ನೆನಪಿನಿಂದಲೇ ಬರೆದು 1976ರಲ್ಲಿ ಮಹತ್ವದ ಕೃತಿ ಕೊಟ್ಟರು. ಅಂಥ ಸ್ಮೃತಿ ಎಲ್ಲರದ್ದಲ್ಲ. ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿಡುವುದು ಮಾತ್ರ ಎಲ್ಲರಿಂದಲೂ ಆಗುವ ಕೆಲಸ.

ನಾಲ್ಕನೆಯ ಘಟ್ಟ ಈಗಿನದು. ಸ್ಕ್ಯಾನರ್ ಅಗ್ಗವಾಗಿದೆ, ಆದರೆ ಸ್ಕ್ಯಾನ್ ಮಾಡಿದ್ದೆಲ್ಲ ಸಂಗ್ರಹಾಲಯವಾಗುವುದಿಲ್ಲ. ಕಾಗದಗಳು ಬಂದ ಕ್ರಮವನ್ನು ಕೆಡಿಸದಿರುವುದು, ಯಾರಿಂದ ಬಂತೆಂದು ನಮೂದಿಸುವುದು, ಆಮ್ಲರಹಿತ ಪೆಟ್ಟಿಗೆಯಲ್ಲಿಡುವುದು, ನೆಗೆಟಿವ್‌ಗಳನ್ನು ಶಾಖ, ತೇವಗಳಿಂದ ಕಾಯುವುದು, ಎಲ್ಲರೂ ಹುಡುಕಬಲ್ಲ ಸೂಚಿ ಸಿದ್ಧಪಡಿಸುವುದು ಈ ವೃತ್ತಿಯ ಮೂಲಪಾಠ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ (ಎನ್‌ಸಿಬಿಎಸ್) 2019ರಲ್ಲಿ ವಿಜ್ಞಾನಿಗಳ ಕಾಗದಪತ್ರಗಳಿಗೆಂದು ಸಾರ್ವಜನಿಕ ದಾಖಲಾಗಾರ ತೆರೆದು, ಪ್ರಾಧ್ಯಾಪಕರ ಮೇಜಿನ ಖಾನೆಯೂ ಚರಿತ್ರೆಯ ಆಕರವೆಂದು ತೋರಿಸಿಕೊಟ್ಟಿದೆ.

ನಮ್ಮ ಕೆಲಸ ಸ್ಪಷ್ಟ. ಕಲಬುರಗಿಯ ವಿಶ್ವವಿದ್ಯಾಲಯಗಳು, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಉಸ್ಮಾನಿಯಾ ಮತ್ತು 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ ಕೂಡಿ ಒಂದು ಜಂಟಿ ಸೂಚಿ ರೂಪಿಸಬೇಕು. ಮೂಲ ಎಲ್ಲೇ ಇರಲಿ, ಚಿತ್ರಕ್ಕೆ ಅದರ ಟಿಪ್ಪಣಿ, ಟಿಪ್ಪಣಿಗೆ ಅದರ ಊರು ಸಿಗುವಂತಾಗಬೇಕು. ಆ ಸೂಚಿ ಉರ್ದು, ತೆಲುಗು, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಬೇಕು. ನಿವೃತ್ತರಾಗುವ ಪ್ರತಿಯೊಬ್ಬ ಅಧ್ಯಾಪಕರ ಬಳಿ ಅವರ ಕಾಗದಗಳನ್ನು ಕೇಳಿ ಪಡೆಯುವುದನ್ನು ವಿಶ್ವವಿದ್ಯಾಲಯಗಳು ನಿಯಮವಾಗಿಸಲಿ. ಕೇಳುವವರಿದ್ದರೆ ಕೊಡುವವರು ಖಂಡಿತ ಇದ್ದಾರೆ.