ಕರಾವಳಿಯಿಂದ ಏಡನ್‌ಗೆ: ಒಂದು ಕುಟುಂಬದ ಕಡಲ ರಾತ್ರಿಗಳು

ಭೂಪಟ ತೆರೆದು ಮಂಗಳೂರಿನ ಮೇಲೆ ಬೆರಳಿಡಿ. ಅಲ್ಲಿಂದ ನೇರವಾಗಿ ಪಡುವಣಕ್ಕೆ ಸರಿಸುತ್ತಾ ಹೋಗಿ. ಸುಮಾರು 3,200 ಕಿಲೋಮೀಟರ್ ಕಡಲು ದಾಟಿದ ಮೇಲೆ ಬೆರಳು ಮುಟ್ಟುವುದು ಯೆಮೆನ್ ದೇಶದ ಏಡನ್ ಬಂದರನ್ನು. ಎರಡೂ ಊರುಗಳು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ನಮ್ಮ ಕಾಸರಗೋಡೂ ಆ ರೇಖೆಯಿಂದ ಬಹಳ ದೂರವಿಲ್ಲ.

1149ರಲ್ಲಿ ಒಬ್ಬ ತಂದೆ ತನ್ನ ಮಕ್ಕಳನ್ನು ಕರೆದುಕೊಂಡು ನಮ್ಮ ಕರಾವಳಿಯನ್ನು ಬಿಟ್ಟು ಏಡನ್ ಸೇರಿದ. ಹೆಸರು ಅಬ್ರಹಾಂ ಬೆನ್ ಯಿಜು. ಉತ್ತರ ಆಫ್ರಿಕದ ಯೆಹೂದಿ ವ್ಯಾಪಾರಿ. 1132ರ ವೇಳೆಗಾಗಲೇ ಮಂಗಳೂರಿನಲ್ಲಿ ನೆಲೆಸಿದ್ದ. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು. ಇಲ್ಲಿ ಅವನಿಗೊಂದು ಕಂಚಿನ ಕಾರ್ಖಾನೆಯಿತ್ತು. ಕಾಳುಮೆಣಸು, ಅಡಿಕೆ, ಕಬ್ಬಿಣ ಇಲ್ಲಿಂದ ಏಡನ್‌ಗೆ ಹೋಗುತ್ತಿದ್ದವು. ಅಲ್ಲಿನ ಗೆಳೆಯರು ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕಳುಹಿಸುತ್ತಿದ್ದರು. ನಮ್ಮವರು ತಾಳೆಗರಿಯಲ್ಲಿ ಬರೆಯುತ್ತಿದ್ದ ಕಾಲವದು.

ಆ ಪಯಣದ ರಾತ್ರಿಗಳನ್ನು ಊಹಿಸಿಕೊಳ್ಳಲು ನಮಗೆ ಕೆಲವು ಆಧಾರಗಳಿವೆ. ಅರಬ್ಬೀ ಸಮುದ್ರದ ಅಂದಿನ ಹಡಗುಗಳ ಹಲಗೆಗಳನ್ನು ಕಬ್ಬಿಣದ ಮೊಳೆ ಹೊಡೆದು ಜೋಡಿಸುತ್ತಿರಲಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮಳೆಗಾಲದಲ್ಲಿ ಪಯಣವಿಲ್ಲ. ಮಳೆ ನಿಂತು ಈಶಾನ್ಯದ ಗಾಳಿ ಬೀಸತೊಡಗಿದ ಮೇಲೆ ಹಾಯಿ ಬಿಚ್ಚಿ ಪಡುವಣಕ್ಕೆ ಹೊರಡಬೇಕು. ದಂಡೆ ಕಾಣುವವರೆಗೆ ಹಗಲುಗಳು ಎಷ್ಟೋ, ರಾತ್ರಿಗಳು ಎಷ್ಟೋ.

ರಾತ್ರಿ ದಿಕ್ಕು ತೋರಿಸುವುದು ನಕ್ಷತ್ರ. ಕೈಯನ್ನು ಮುಂದೆ ಚಾಚಿ, ದಿಗಂತದಿಂದ ಧ್ರುವನಕ್ಷತ್ರ ಎಷ್ಟು ಬೆರಳು ಮೇಲಿದೆ ಎಂದು ನಾವಿಕರು ಅಳೆಯುತ್ತಿದ್ದರು. ಬಡಗಣಕ್ಕೆ ಸರಿದರೆ ನಕ್ಷತ್ರ ಏರುತ್ತದೆ, ತೆಂಕಣಕ್ಕೆ ಸರಿದರೆ ಇಳಿಯುತ್ತದೆ. ಅಂದು ಆ ನಕ್ಷತ್ರ ಧ್ರುವಬಿಂದುವಿಗೆ ಇಂದಿನಷ್ಟು ಹತ್ತಿರವಿರಲಿಲ್ಲ, ಆದರೂ ಲೆಕ್ಕಕ್ಕೆ ಅದೇ ಆಧಾರ. ಮಂಗಳೂರಿನ ಆಕಾಶದಲ್ಲಿ ಅದು ಎಷ್ಟು ಎತ್ತರವೋ ಏಡನ್ನಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಇಲ್ಲಿ ಬೆಳೆದ ಆ ಮಕ್ಕಳಿಗೆ ಮನೆ, ಮಾತು, ಊಟ ಎಲ್ಲವೂ ಬದಲಾಗಲಿದ್ದವು. ಬದಲಾಗದೆ ಉಳಿದದ್ದು ಆ ಒಂದು ನಕ್ಷತ್ರವೇನೋ!

ಇಷ್ಟೆಲ್ಲ ನಮಗೆ ತಿಳಿದದ್ದು ಹೇಗೆ? ದೇವರ ಹೆಸರಿರಬಹುದಾದ ಕಾಗದವನ್ನು ಯೆಹೂದಿಗಳು ಎಸೆಯುತ್ತಿರಲಿಲ್ಲ. ಕೈರೋದ ಬೆನ್ ಎಜ್ರಾ ಪ್ರಾರ್ಥನಾಲಯದ ಕೋಣೆಯಲ್ಲಿ ಅಂಥ ಕಾಗದಗಳ ರಾಶಿಯೇ ಇತ್ತು. 1896-97ರಲ್ಲಿ ವಿದ್ವಾಂಸ ಸಾಲಮನ್ ಶೆಕ್ಟರ್ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಮುಂದೆ ಎಸ್. ಡಿ. ಗೊಯ್ಟೈನ್ ಅವರು ಆ ರಾಶಿಯಿಂದ ಬೆನ್ ಯಿಜುವಿನ ಪತ್ರಗಳನ್ನು ಹೆಕ್ಕಿದರು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅರಬ್ಬಿ ಲಿಪಿಯಲ್ಲಿ ಮಲಯಾಳ ಬರೆಯುವುದನ್ನು ಕಂಡಿರುವ ನಮ್ಮ ಊರಿನವರಿಗೆ ಇದು ವಿಚಿತ್ರವೆನಿಸದು.

1149ರ ಸೆಪ್ಟೆಂಬರ್‌ನಲ್ಲಿ ಏಡನ್‌ನಿಂದ ತನ್ನ ಸೋದರರಿಗೆ ಬರೆದ ಪತ್ರದಲ್ಲಿ, ಮಕ್ಕಳೊಡನೆ, ಸಂಪಾದಿಸಿದ ಸ್ವತ್ತಿನೊಡನೆ ಸುಖವಾಗಿ ಬಂದು ಸೇರಿದೆನೆಂದು ತಿಳಿಸುತ್ತಾನೆ. ಆ ಸುಖ ಉಳಿಯಲಿಲ್ಲ. ಮಗ ಯೆಮೆನ್‌ನಲ್ಲಿ ತೀರಿಕೊಂಡ. ಮಗಳು ಸಿತ್ತ್ ಅಲ್-ದಾರ್‌ಗೆ 1156ರಲ್ಲಿ ಈಜಿಪ್ಟಿನಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಮಗನೊಡನೆ ಮದುವೆಯಾಯಿತು.

ಮಕ್ಕಳ ತಾಯಿ? 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಒಬ್ಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಆಕೆಯ ಹೆಸರು ಅಶು. ಅವಳೇ ಈ ಮಕ್ಕಳ ತಾಯಿಯೆಂಬುದು ವಿದ್ವಾಂಸರ ಅಭಿಪ್ರಾಯ. ಆದರೆ ಏಡನ್ನಿನ ಪತ್ರದಲ್ಲಿ ಅವಳ ಸುದ್ದಿಯಿಲ್ಲ. ಹಡಗು ಹತ್ತಿದಳೇ, ದಡದಲ್ಲೇ ನಿಂತಳೇ, ಅದಕ್ಕೆ ಮೊದಲೇ ಕಣ್ಣುಮುಚ್ಚಿದಳೇ? ಒಣದ್ರಾಕ್ಷಿಯ ಲೆಕ್ಕ ಉಳಿಯಿತು, ತಾಯಿಯ ಕಥೆ ಉಳಿಯಲಿಲ್ಲ.

ನಮ್ಮ ಶಾಲೆಯ ಮಕ್ಕಳಿಗೆ ಒಂದು ಕೆಲಸ ಕೊಡೋಣವೆಂದಿದ್ದೇವೆ. ಅಜ್ಜಿಯ ಹೆಸರು, ಅಜ್ಜಿಯ ತಾಯಿಯ ಹೆಸರು, ಅವರು ಯಾವ ಊರಿನಿಂದ ಯಾವ ದಾರಿಯಲ್ಲಿ ಬಂದರು, ಇಷ್ಟನ್ನು ಮನೆಯಲ್ಲಿ ಕೇಳಿ ಬರೆದು ತರಲಿ. ಹೆತ್ತವರು ಉತ್ತರ ಹೇಳುವಿರಲ್ಲವೇ?