ಎಣಿಕೆಗೆ ಬಾರದ ವಯಸ್ಸು

ಥಾಣೆಯ ಪೋಖರಣ್ ರಸ್ತೆಗೆ ಹತ್ತಿಕೊಂಡಿರುವ ವರ್ತಕ ನಗರವು ರೇಮಂಡ್ ಉಣ್ಣೆ ಗಿರಣಿಯನ್ನೂ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳನ್ನೂ ನೆಚ್ಚಿಕೊಂಡು ಬೆಳೆದ ದುಡಿಯುವವರ ವಸತಿ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾದ ಮೇಲಿನ ದಶಕಗಳಲ್ಲಿ ಕರ್ನಾಟಕ ಕರಾವಳಿಯ ಹೋಟೆಲು ನೌಕರರ ಕುಟುಂಬಗಳೂ ವಿಜಯಪುರ, ಕಲಬುರಗಿ ಕಡೆಯ ಗಾರೆ ಕೆಲಸದವರೂ ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆನಿಂತರು. ಈ ಕುಟುಂಬಗಳಿಗೆ ಮದುವೆಯಾಗಿ ಬಂದ ಹೆಂಗಸರು ಮುಟ್ಟು ನಿಲ್ಲುವ ವಯಸ್ಸನ್ನು ತಲುಪಿದಾಗ, ಊರಿನಲ್ಲಿ ಅತ್ತೆಯೋ ದೊಡ್ಡಮ್ಮನೋ ಹೇಳಬಹುದಾಗಿದ್ದ ನಾಲ್ಕು ಮಾತು ಇಲ್ಲಿನ ಒಂದೆರಡು ಕೋಣೆಯ ಮನೆಗಳಲ್ಲಿ ಹೇಳುವವರಿಲ್ಲದೆ ಉಳಿಯಿತು.

ಋತುಬಂಧವೆಂದರೆ ಅಂಡಾಶಯಗಳು ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ತಯಾರಿಸುವುದು ಕುಗ್ಗಿ, ಸತತ ಹನ್ನೆರಡು ತಿಂಗಳು ಮುಟ್ಟು ಕಾಣದಿರುವ ಸ್ಥಿತಿ. ಮೈಯ ಶಾಖವನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗ ಇದರಿಂದ ಏರುಪೇರಾಗುವ ಕಾರಣ ಮುಖ, ಕತ್ತುಗಳಿಗೆ ಥಟ್ಟನೆ ಬಿಸಿಯೇರುತ್ತದೆ, ರಾತ್ರಿ ಬೆವರುತ್ತದೆ, ನಿದ್ದೆ ಕೆಡುತ್ತದೆ, ಮುಂದೆ ಮೂಳೆಯೂ ಸವೆಯುತ್ತದೆ. ಹನ್ನೆರಡನೆಯ ವರ್ಷದಲ್ಲಿ ತೊಡಗಿದ ರಜಸ್ಸು ಐವತ್ತಕ್ಕೆ ಕ್ಷಯಿಸುತ್ತದೆಂದು ಸುಶ್ರುತ ಸಂಹಿತೆ ಹೇಳಿದೆ. ಮಡಿ-ಮೈಲಿಗೆಯ ಮನೆಗಳಲ್ಲಿ ಮುಟ್ಟು ನಿಂತ ಹೆಂಗಸು ಹೊರಗೆ ಕೂರುವ ಕಟ್ಟಿನಿಂದ ಬಿಡುಗಡೆ ಪಡೆದು ಅಡುಗೆಮನೆ, ದೇವರಮನೆಗಳ ಅಧಿಕಾರವನ್ನು ಅಡೆತಡೆಯಿಲ್ಲದೆ ನಡೆಸುತ್ತಿದ್ದುದರಿಂದ, ಆ ಗಳಿಕೆಯ ಬೆನ್ನಿಗೇ ಬರುವ ದೇಹದ ಸಂಕಟವನ್ನು ದೂರಿನಂತೆ ಹೇಳಿಕೊಳ್ಳುವುದು ಬಹುಶಃ ಅವಳಿಗೂ ಸಲ್ಲದ ಮಾತಾಗಿ ಕಂಡಿರಬೇಕು.

ಸರ್ಕಾರದ ಆರೋಗ್ಯ ಶಿಕ್ಷಣ ಈ ಮೌನವನ್ನು ಮುರಿಯಲಿಲ್ಲ. 1952ರಲ್ಲಿ ಆರಂಭವಾದ ಕುಟುಂಬ ಯೋಜನೆಗೆ ಬೇಕಾಗಿದ್ದವಳು ಹೆರಬಲ್ಲ ಹೆಣ್ಣು ಮಾತ್ರ. 1997ರ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಕಾರ್ಯಕ್ರಮವೂ ಹೆಸರಿಗೆ ತಕ್ಕಂತೆ ಬಸಿರು-ಬಾಣಂತನಗಳನ್ನೇ ಸುತ್ತಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೂ 49 ದಾಟಿದ ಹೆಂಗಸನ್ನು ಪ್ರಶ್ನಿಸುವುದೇ ಇಲ್ಲ. ಆದರೂ 1998-99ರ ಸಮೀಕ್ಷೆಯ ಅಂಕಿಗಳನ್ನು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಶೋಧಕರು ವಿಶ್ಲೇಷಿಸಿದಾಗ, ನಲವತ್ತಕ್ಕೆ ಮುನ್ನವೇ ಋತುಬಂಧಕ್ಕೆ ಒಳಗಾದವರಿದ್ದಾರೆಂಬುದೂ, ಅವರಲ್ಲಿ ಬಡ ಹಾಗೂ ಗ್ರಾಮೀಣ ಸ್ತ್ರೀಯರ ಪಾಲು ಹೆಚ್ಚೆಂಬುದೂ ಗೊತ್ತಾಯಿತು.

ಸರ್ಕಾರ ಬಿಟ್ಟ ಜಾಗಕ್ಕೆ ಕನ್ನಡದ ಮುದ್ರಿತ ಪುಟ ಬಂದಿತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ವೈದ್ಯೆ, ಕಾದಂಬರಿಕಾರ್ತಿ ಅನುಪಮಾ ನಿರಂಜನ (1934-1991) ಅವರು ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂತಹ ಪುಸ್ತಕಗಳ ಮೂಲಕ, ವೈದ್ಯರ ಮುಂದೆಯೂ ಬಾಯಿ ಬಿಡಲು ಅಳುಕುತ್ತಿದ್ದ ಗೃಹಿಣಿಯೊಡನೆ ಅವಳ ಭಾಷೆಯಲ್ಲೇ ಮಾತನಾಡಿದರು. ಹೊರನಾಡಿನ ಕನ್ನಡ ಸಂಘಗಳ ಮಹಿಳಾ ವಿಭಾಗಗಳು ಏರ್ಪಡಿಸುವ ಆರೋಗ್ಯ ಶಿಬಿರ, ವೈದ್ಯರ ಉಪನ್ಯಾಸಗಳೂ ಇದೇ ಬಗೆಯ ಕೆಲಸ. ಆದರೆ ಹೆಂಗಸರು ನೆರೆಯುತ್ತಿದ್ದ ಮುಖ್ಯ ಸಂದರ್ಭವಾದ ಅರಿಶಿನ-ಕುಂಕುಮದಲ್ಲಿ ಸಂಪ್ರದಾಯದಂತೆ ವಿಧವೆಗೆ ಎಡೆಯಿರಲಿಲ್ಲ. ಐವತ್ತರ ಆಸುಪಾಸಿನ ವಿಧವೆಯರಲ್ಲಿ ಹಲವರು ತಮಗೆ ಬೇಕಾದ ತಿಳಿವಳಿಕೆಯಿಂದ ಹೀಗೆಯೂ ಹೊರಗುಳಿದಿರಬೇಕು. ದಿನಗೂಲಿಗಾಗಿ ರಸ್ತೆ ಕೂಡುವಲ್ಲಿ ಕಾದು ನಿಲ್ಲುವ, ವಾರದ ರಜೆಯೇ ಇಲ್ಲದ ನಾಕಾ ಕಾರ್ಮಿಕಳಿಗೆ ಉಪನ್ಯಾಸ ದೂರದ ಮಾತೇ ಸರಿ.

ಪಶ್ಚಿಮದಲ್ಲಿ ಋತುಬಂಧದ ಶಿಕ್ಷಣವನ್ನು ಔಷಧವೇ ನಡೆಸಿತು. ಅಮೆರಿಕದಲ್ಲಿ 1942ರಲ್ಲಿ ಪ್ರೆಮರಿನ್ ಎಂಬ ಈಸ್ಟ್ರೊಜೆನ್ ಮಾತ್ರೆಗೆ ಅನುಮತಿ ದೊರೆಯಿತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ಋತುಬಂಧವನ್ನು ಕೊರತೆಯ ರೋಗವೆಂದು ಪ್ರಚಾರ ಮಾಡಿದ. 2002ರ ಜುಲೈಯಲ್ಲಿ 16,608 ಸ್ತ್ರೀಯರ ಮೇಲಿನ ಹಾರ್ಮೋನು ಚಿಕಿತ್ಸೆಯ ಪ್ರಯೋಗವೊಂದು ಸ್ತನ ಕ್ಯಾನ್ಸರಿನ ಅಪಾಯ ಕಂಡು ನಿಂತಾಗ ಆ ಉತ್ಸಾಹ ಭಯಕ್ಕೆ ತಿರುಗಿತು. ಅವರ ಸರಾಸರಿ ವಯಸ್ಸು 63 ಆಗಿದ್ದುದರಿಂದ, ಆಗಷ್ಟೇ ಮುಟ್ಟು ನಿಂತವರಿಗೆ ಆ ಫಲಿತಾಂಶ ಎಷ್ಟು ಅನ್ವಯಿಸುತ್ತದೆಂಬ ಚರ್ಚೆ ಬಹುಕಾಲ ನಡೆಯಿತು. ಭಾರತದಲ್ಲಿ 1995ರಲ್ಲಿ ರೂಪುಗೊಂಡ ಇಂಡಿಯನ್ ಮೆನೋಪಾಸ್ ಸೊಸೈಟಿ ಈ ಚರ್ಚೆಯನ್ನು ವೈದ್ಯವಲಯಕ್ಕೆ ತಂದಿತು.

ತಿಳಿವಳಿಕೆ ಮುಟ್ಟದ ಕಡೆ ಶಸ್ತ್ರ ಮುಟ್ಟಿತು. ಬಿಳಿಸೆರಗು, ಅತಿಸ್ರಾವಗಳಂತಹ ದೂರಿಗೂ ಗರ್ಭಕೋಶವನ್ನೇ ತೆಗೆದುಹಾಕುವ ಪದ್ಧತಿ ಕಲಬುರಗಿಯ ತಾಂಡಾಗಳಲ್ಲೂ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲೂ ಸುದ್ದಿಯಾಗಿ, 2019ರಲ್ಲಿ ಬೀಡ್ ಪ್ರಕರಣದ ತನಿಖೆಗೆ ಶಾಸಕಿ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ನೇಮಕವಾಯಿತು. ಅಂಡಾಶಯಗಳನ್ನೂ ಸೇರಿಸಿ ತೆಗೆದರೆ, ಮೂವತ್ತರ ಹೆಂಗಸಿಗೂ ಋತುಬಂಧ ವರ್ಷಗಟ್ಟಲೆ ಅಲ್ಲ, ಕೆಲವೇ ದಿನಗಳಲ್ಲಿ ಬಂದೆರಗುತ್ತದೆ. ಅನಗತ್ಯ ಶಸ್ತ್ರಚಿಕಿತ್ಸೆಯನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿದ್ದು 2023ರ ಏಪ್ರಿಲ್‌ನಲ್ಲಿ.